ಇಂದುಧರ ಅವರು ಹೊಡೆಯದ ಏಟು

ಬಾಣಾವರದ ಸ್ಟೇಷನ್ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಇಂದುಧರ ಅವರು ಹಳೆಯ ಮಿಲಿಟರಿ ಜೀಪುಗಳನ್ನು ಮೊದಲಿನಂತೆ ಮಾಡಿಕೊಡುತ್ತಿದ್ದರು. ಆದರೆ ಅವರ ಕೈಯಿಂದ ಹೊರಬಂದ ಜೀಪು ಎರಡು ಬಣ್ಣದ್ದಾಗಿರುತ್ತಿತ್ತು. ಮಿಲಿಟರಿಯಿಂದ ಬಂದ ತಗಡು ಉಳಿದ ಕಡೆ ಹಸಿರು. ಅವರು ಹೊಸದಾಗಿ ಕತ್ತರಿಸಿ ಕೂರಿಸಿದ ಕಡೆ ತುಕ್ಕು ಹಿಡಿಯದಿರಲು ಹಚ್ಚುವ ರೆಡ್ ಆಕ್ಸೈಡಿನ ಬರೀ ಕೆಂಪು. ಅದರ ಮೇಲೆ ಹಸಿರು ಬಳಿಯಿರಿ ಎಂದರೆ ಬಳಿಯುತ್ತಿರಲಿಲ್ಲ. ಇದರಿಂದ ಗಿರಾಕಿಗಳು ಹೆಚ್ಚಾದರೆಂದು ಹೇಳಲಾರೆ. ಮನೆ ನಡೆಯುತ್ತಿದ್ದುದು ಟ್ರ್ಯಾಕ್ಟರ್ ರಿಪೇರಿಯಿಂದ.

ಅವರ ಶೆಡ್ಡಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಮೋಟು ಗೋಡೆ. ಮಧ್ಯಾಹ್ನ ಅಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುವಾಗ ಆ ಕಡೆಯ ಮಾತೆಲ್ಲ ಈ ಕಡೆ ಕೇಳುತ್ತಿತ್ತು. ಒಮ್ಮೆ ನಾನೇ ಕೇಳಿದೆ, ಈ ಕೆಂಪು ಯಾಕೆ ಎಂದು.

ಇಂದುಧರ ಹುಲಿಕೆರೆಯವರು. ಹಳೇಬೀಡಿಗೆ ನಡೆದು ಹೋಗಿ ಒಂದಷ್ಟು ಓದಿದವರು. "ಹಳೇಬೀಡು ಗುಡಿ ಗೋಡೆ ನೋಡಿದೀರಲ್ಲಕ್ಕ. ಕಲ್ಲು ಬಿದ್ದೋಗಿರೋ ಕಡೆ ಬೋಳು ಕಲ್ಲು ಕೂರ್ಸವ್ರೆ. ಅದ್ರ ಮೇಲೆ ಆನೆ ಕೆತ್ತಿಲ್ಲ. ಕೆತ್ತಿದ್ದು ಅವ್ರದ್ದು, ಬೋಳು ನಮ್ದು. ನೋಡ್ದೋರಿಗೆ ಗೊತ್ತಾಯ್ತದೆ" ಎಂದರು. ಆ ಬೋಳು ಕಲ್ಲುಗಳನ್ನು ನಾನೂ ನೋಡಿದ್ದೆ. ಗುಡಿ ಸುತ್ತುವಾಗ ಅವಕ್ಕೂ ಸೇರಿಸಿಯೇ ಕೈ ಮುಗಿದಿದ್ದೆ. ಜೀಪಿನ ವಿಷಯ ಹೊಳೆದಿರಲಿಲ್ಲ.

೨೦೦೧ರಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿಯ ರಾಜಶೇಖರ್ ತಮ್ಮ ಜೀಪನ್ನು ಎಳೆಸಿಕೊಂಡು ಬಂದರು. ಅದನ್ನು ಅವರ ತಂದೆ ದೇವೀರಪ್ಪ ಮಿಲಿಟರಿ ಹರಾಜಿನಲ್ಲಿ ಹಿಡಿದಿದ್ದರು. ದೇವೀರಪ್ಪ ತೀರಿಕೊಂಡ ಮೇಲೆ ಗೋಡೌನಿನ ಮೂಲೆಯಲ್ಲಿ ನಿಂತಿತ್ತು. ಅದರ ಹಿಂಬದಿಯ ತಗಡಿನಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು. ಯುದ್ಧದಲ್ಲಿ ಗುಂಡು ಬಿದ್ದ ತೂತು ಅದು ಎಂದು ರಾಜಶೇಖರ್ ಹುಡುಗರಾಗಿದ್ದಾಗಿನಿಂದ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದರು. ಒಂದು ಆಗಸ್ಟ್ ಹದಿನೈದಕ್ಕೆ ಶಾಲೆ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸಿದ್ದರು. ಕೆಲವರು ತೂತನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದರು.

ಈಗ ಬೆಂಗಳೂರಿನಲ್ಲಿ ಹಳೆಯ ಗಾಡಿಗಳ ಪ್ರದರ್ಶನವಿತ್ತು. ಯುದ್ಧ ನೋಡಿದ ಜೀಪು ಅಂತ ಹೆಸರು ಕೊಟ್ಟಾಗಿತ್ತು. ಮಂಡಿಯವರು ವ್ಯಾನು ಗೊತ್ತು ಮಾಡಿಕೊಂಡು ನೋಡಲು ಹೊರಡುವವರಿದ್ದರು.

ಇಂದುಧರ ತೂತಿನಲ್ಲಿ ಬೆರಳಿಟ್ಟು ಒಂದು ಸುತ್ತು ತಿರುಗಿಸಿದರು.

"ಇದು ಡ್ರಿಲ್ಲಲ್ಲಿ ಕೊರ್ದಿರೋದು, ಸಾಹುಕಾರ್ರೇ."

"ಗುಂಡು ಕಣಣ್ಣ."

"ಗುಂಡು ಬಿದ್ರೆ ಅಂಚು ಒಳಕ್ಕೆ ಮಡಚ್ಕೋತದೆ. ಇದು ಬಳೆ ಹಂಗೆ ನುಣ್ಣಗೈತೆ."

ರಾಜಶೇಖರ್ ತಾವೂ ಬೆರಳಿಟ್ಟು ನೋಡಿದರು. ಇಷ್ಟು ವರ್ಷ ತೋರಿಸಿದ್ದರೇ ಹೊರತು ಅಂಚು ನೋಡಿರಲಿಲ್ಲ.

"ಹಂಗಾದ್ರೆ ಮಡಚಿಬಿಡಿ ಇಂದಣ್ಣ. ಸುತ್ತಿಗೇಲಿ ಒಂದೇ ಏಟು. ನಿಮ್ಮ ಕೆಂಪು ಎಲ್ಲಿ ಬೇಕಾದ್ರೂ ಹಚ್ಕೊಳ್ಳಿ, ನಾನು ಕೇಳಲ್ಲ."

"ಆಗಕಿಲ್ಲ."

"ಯಾಕೆ?"

"ಆ ಏಟು ನಂದಾಯ್ತದೆ. ಅದಕ್ಕೂ ಕೆಂಪು ಹಚ್ಬೇಕಾಯ್ತದೆ."

"ಅಷ್ಟು ಜನದ ಮುಂದೆ ನನ್ನ ಮಾನ ಹೋಯ್ತದೆ ಕಣ್ರೀ."

"ಅದು ನಿಜ" ಎಂದರು ಇಂದುಧರ.

ರಾಜಶೇಖರ್ ತಾವೇ ಸುತ್ತಿಗೆ ತೆಗೆದುಕೊಂಡರು. ನಾನು ಬತ್ತಿ ಬಿಟ್ಟು ಎದ್ದು ಗೋಡೆಯ ಮೇಲಿಂದ ನೋಡಿದೆ. ಅವರು ಸುತ್ತಿಗೆ ಎತ್ತಿದರು. ಎದುರಿಗಿದ್ದದ್ದು ಅಪ್ಪನ ಜೀಪು. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಸುತ್ತಿಗೆಯನ್ನು ಇದ್ದ ಜಾಗದಲ್ಲೇ ಇಟ್ಟು, ಗುರುವಾರ ಬತ್ತೀನಿ ಎಂದು ಹೋದರು. ಜೀಪು ಸಿದ್ಧವಾಯಿತು. ಬಾನೆಟ್ಟು ಹಸಿರು, ಬಾಗಿಲ ಪಕ್ಕ ಕೆಂಪು, ಒಂದು ಮಡ್‌ಗಾರ್ಡ್ ಹಸಿರು, ಇನ್ನೊಂದು ಕೆಂಪು. ತೂತು ಮೊದಲಿದ್ದಂತೆಯೇ ಇತ್ತು.

ಪ್ರದರ್ಶನಕ್ಕೆ ನಾನು ಹೋಗಲಿಲ್ಲ. ರಾಜಶೇಖರ್ ಅವರ ತಾಯಿ ಸುಮಿತ್ರಮ್ಮ, ಮಗ ಬೇಡವೆಂದರೂ, ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದರು. ಅವರು ಹೇಳಿದ್ದನ್ನೇ ಬರೆಯುತ್ತೇನೆ.

ಬೆಳಗಿನಿಂದ ಜನ ಬಂದು ಕೆಂಪು ಯಾಕೆ ಎಂದು ಕೇಳುತ್ತಿದ್ದರಂತೆ. ಮಗ ಹೇಳಿ ಹೇಳಿ ಸುಸ್ತಾಗಿದ್ದ. ಮೂರು ಗಂಟೆಗೆ ಪರೀಕ್ಷೆ ಮಾಡುವವರು ಬಂದು ತೂತನ್ನು ತೋರಿಸಿ, ಇದೇನು ಎಂದರು. ಮಂಡಿಯವರೆಲ್ಲ ಹಿಂದೆಯೇ ನಿಂತಿದ್ದರು. ರಾಜಶೇಖರ್ ಕೆಮ್ಮಿದರು. ಮತ್ತೆ ಕೆಮ್ಮಿದರು.

"ಏನ್ಲಾ ಶೇಖರ, ಬಾಯಲ್ಲಿ ಅಡಿಕೆ ಇಟ್ಕೊಂಡಿದೀಯಾ?" ಎಂದರು ಸುಮಿತ್ರಮ್ಮ. ಆಮೇಲೆ ಪರೀಕ್ಷೆಯವರ ಕಡೆ ತಿರುಗಿ, "ನಮ್ಮೆಜಮಾನ್ರು ಕೊರೆಸಿದ್ದು ಕಣಪ್ಪ. ಕೊಬ್ಬರಿ ಚೀಲ ಜಾರಬಾರ್ದು ಅಂತ, ಹಗ್ಗ ಕಟ್ಟಕ್ಕೆ" ಎಂದರು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನಾನು ಸುಮಿತ್ರಮ್ಮನವರನ್ನು ಕೇಳಿದೆ. "ನನ್ನ ಯಾರೂ ಕೇಳಿರಲಿಲ್ಲ" ಎಂದರು.

ಬಹುಮಾನ ಇಡೀ ಹಸಿರಾಗಿದ್ದ ಬೇರೆ ಜೀಪಿಗೆ ಬಂತು. ವಾಪಸ್ಸು ಬರುವಾಗ ತಿಪಟೂರಿನಲ್ಲಿ ಕಾಫಿಗೆ ಇಳಿದಾಗ ಮಂಡಿಯವರೊಬ್ಬರು, "ಶೇಖರಪ್ಪ, ಯುದ್ಧದಲ್ಲಿ ಕೊಬ್ಬರಿ ಏನ್ ರೇಟಿತ್ತು?" ಎಂದರಂತೆ. ಆ ಪ್ರಶ್ನೆ ಮುಂದಿನ ದೀಪಾವಳಿಯವರೆಗೂ ಮಂಡಿಯಲ್ಲಿ ನಡೆಯಿತು.

ರಾಜಶೇಖರ್ ಬಹಳ ದಿನ ಗ್ಯಾರೇಜಿನ ಕಡೆ ಬರಲಿಲ್ಲ. ಬಂದರೆ ಬೈಯುತ್ತಾರೇನೋ ಎಂದು ಇಂದುಧರ ಅವರ ಹೆಂಡತಿ ಕಾಂತಮ್ಮನಿಗೆ ಹೆದರಿಕೆಯಿತ್ತು. ಒಂದು ದಿನ ಬಂದರು. ಜೀಪಿನಲ್ಲಿ ಕೊಬ್ಬರಿ ಚೀಲಗಳಿದ್ದವು. ಹಗ್ಗವನ್ನು ಆ ತೂತಿನೊಳಗೆ ತೂರಿಸಿ ಬಿಗಿದು ಕಟ್ಟಿತ್ತು. ಬ್ರೇಕು ನೋಡಿ ಎಂದು ಹೇಳಿ ಬೆಂಚಿನ ಮೇಲೆ ಕೂತರು. ಅಂದಿನಿಂದ ಕೆಲಸವಿಲ್ಲದಿದ್ದರೂ ಬಂದು ಕೂರತೊಡಗಿದರು.

ಹಾಗೆ ಕೂತಿದ್ದಾಗಲೇ ಬೇಲೂರಿನ ಜಯದೇವಪ್ಪ ಎಂಬವರು ಒಂದು ಜೀಪು ತಂದರು. ಎರಡು ಬಣ್ಣದ ಜೀಪನ್ನು ಪ್ರದರ್ಶನದಲ್ಲಿ ನೋಡಿದ್ದರಂತೆ. ಇಂದುಧರ ಅಲ್ಲಲ್ಲಿ ಕೆರೆದು, ಕೆಳಗೆ ಮಲಗಿ, ಎದ್ದು ಬಂದು ಹೇಳಿದರು:

"ನಿಮ್ಮ ಗಾಡೀಲಿ ಎಲ್ಲಾ ಹಳೇದೇ ಐತೆ. ಇದಕ್ಕೆ ಕೆಂಪು ಬರಾಕಿಲ್ಲ."

ಜಯದೇವಪ್ಪನವರ ಮುಖ ಸಣ್ಣದಾಯಿತು. "ಎಲ್ಲಾದ್ರೂ ಎರಡು ಕಡೆ ಹಚ್ಚಿಕೊಡಿ. ಪೂರ್ತಿ ಹಸಿರಿದ್ರೆ, ಎಲ್ಲಾ ಹಳೇದು ಅಂದ್ರೆ ಜನ ನಂಬಲ್ಲ."

ಇಂದುಧರ ಕೈ ಒರೆಸಿಕೊಳ್ಳುತ್ತಿದ್ದರು. ಉತ್ತರ ಕೊಟ್ಟವರು ಬೆಂಚಿನ ಮೇಲಿದ್ದ ರಾಜಶೇಖರ್.

"ಕೇಳ್ಬೇಡಿ, ಹಚ್ಚಲ್ಲ. ನಾನು ಒಂದೇ ಒಂದು ಏಟು ಕೇಳಿದ್ದೆ. ಅದನ್ನೇ ಹೊಡೀಲಿಲ್ಲ ಈ ಮನುಷ್ಯ."