ಗಂಟಲ ಹಾಲು

ನಮ್ಮ ಚಿಕ್ಕಪ್ಪ ಇರುವೆಯನ್ನೂ ತುಳಿಯದವರೆಂದು ಬೀದಿಯೆಲ್ಲ ಹೊಗಳುತ್ತಿತ್ತು. ನಿಜ, ತುಳಿಯುತ್ತಿರಲಿಲ್ಲ. ಆ ಕೆಲಸಕ್ಕೆ ಚಿಕ್ಕಮ್ಮ ಇದ್ದರಲ್ಲ.

ತಾರಸಿಯ ಮೇಲೆ ಚಿಕ್ಕಪ್ಪ ಅಂದದ ಸ್ಪರ್ಧೆಗೆಂದು ಬಿಳಿ ಪಾರಿವಾಳ ಸಾಕುತ್ತಿದ್ದರು. ಗುಂಡು ತಲೆ, ಕಾಳಿನಷ್ಟು ಕೊಕ್ಕು. ಆ ಚೆಂದದ ಕೊಕ್ಕಿನಿಂದ ಮರಿಗೆ ಉಣಿಸಲು ಬರುವುದಿಲ್ಲ. ಹುಟ್ಟಿದ ಹೊಸದರಲ್ಲಿ ಪಾರಿವಾಳದ ಮರಿ ಕಾಳು ತಿನ್ನದು. ತಾಯಿ, ತಂದೆ ಇಬ್ಬರ ಗಂಟಲ ಚೀಲದಲ್ಲೂ ಮೊಸರಿನಂಥ ಹಾಲು ಕಟ್ಟುತ್ತದೆ; ಅವರ ಬಾಯೊಳಗೆ ಕೊಕ್ಕಿಟ್ಟು ಮರಿ ಅದನ್ನೇ ಕುಡಿಯಬೇಕು. ಅದಕ್ಕೆಂದೇ ಚಿಕ್ಕಪ್ಪ ಒಂದು ಜೋಡಿ ಬೂದು ಪಾರಿವಾಳ ಇಟ್ಟುಕೊಂಡಿದ್ದರು. ಅವುಗಳ ಮರಿ ಮೊಟ್ಟೆಯಿಂದ ಹೊರಬಿದ್ದ ದಿನವೇ ಅದನ್ನು ತೆಗೆದು, ಅಲ್ಲಿ ಬಿಳಿ ಮರಿ ಇಡುವುದು. ತೆಗೆದದ್ದು ಬಕೆಟ್ ನೀರಿಗೆ.

ಮುಳುಗಿಸುವವರು ಚಿಕ್ಕಮ್ಮ. "ನಂಗೆ ನೋಡಕ್ಕಾಗಲ್ಲ ಕಣೇ, ಕರುಳು ಚುರುಕ್ ಅನ್ನುತ್ತೆ" ಎನ್ನುತ್ತ ಚಿಕ್ಕಪ್ಪ ಮೆಟ್ಟಿಲಿಳಿದು ಹೋಗುತ್ತಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೆಳಗಿನ ಮನೆಯ ಹೆಂಗಸರು, "ಹೆತ್ತಿದ್ರೆ ತಾನೇ ಹೊಟ್ಟೆ ಸಂಕಟ ಗೊತ್ತಾಗೋದು" ಎಂದು ಚಿಕ್ಕಮ್ಮನನ್ನು ಆಡಿಕೊಳ್ಳುತ್ತಿದ್ದರು. ಅವರ ಬಾಯಿಗೆ ಹುಳ ಬೀಳ.

ಒಮ್ಮೆ ಚಿಕ್ಕಮ್ಮ ಬಕೆಟ್ ಮುಟ್ಟಲಿಲ್ಲ. "ಇನ್ನು ನನ್ನ ಕೈಲಾಗಲ್ಲರೀ. ಇದೂ ಅಲ್ಲೇ ಇರ್ಲಿ. ಎರಡಕ್ಕೂ ಹಾಲು ಸಾಕಾಗುತ್ತೆ."

"ಆಯ್ತು, ನಿನ್ನಿಷ್ಟ" ಎಂದರು ಚಿಕ್ಕಪ್ಪ, ನಗುತ್ತಲೇ.

ಬೂದು ಮರಿಯ ಕೊಕ್ಕು ಉದ್ದ. ನುಗ್ಗಿ ನುಗ್ಗಿ ಗಂಟಲ ತಳದವರೆಗೂ ಬಾಚಿ ಕುಡಿಯಿತು. ಚಿಕ್ಕಮ್ಮ ದಿನವಿಡೀ ಗೂಡಿನ ಮುಂದೆ ಕೂತು ಬಿಳಿ ಮರಿಯ ತಲೆಯನ್ನು ಹಕ್ಕಿಯ ಬಾಯಿಗೆ ಹಿಡಿದರೂ ಅದು ಉಳಿಯಲಿಲ್ಲ.

ಚಿಕ್ಕಪ್ಪ ಬೈಯಲಿಲ್ಲ. ಬೂದು ಮರಿಯನ್ನು ತಾವೇ ತೆಗೆದು ನೀರಿನಲ್ಲಿ ಅದುಮಿ ಹಿಡಿದರು. ಆಮೇಲೆ ತಾಯಿ ಹಕ್ಕಿಯ ಕುತ್ತಿಗೆ ತಿರುವಿದರು. ಅದು ಪಕ್ಷಪಾತ ಮಾಡಿತಂತೆ. ಕರುಳು ಚುರುಕ್ ಎನ್ನುವ ಮನುಷ್ಯ ಮುಖ ಕೂಡ ತಿರುಗಿಸಲಿಲ್ಲ.

ಆ ಬೆಳಿಗ್ಗೆ ಇನ್ನೊಂದು ಬಿಳಿ ಮರಿ ಹುಟ್ಟಿತ್ತು. ಅದನ್ನು ಗಂಡು ಹಕ್ಕಿಯ ಕೆಳಗೆ ತಳ್ಳಿದರು. ಗಂಡು ಕತ್ತು ಚಾಚಿ ಹೆಣ್ಣಿಗಾಗಿ ಅತ್ತ ಇತ್ತ ನೋಡಿತು. ಮರಿ ಕೊಕ್ಕು ತಾಗಿಸಿದಾಗ ಬಾಯಿ ತೆರೆದು ಹಾಲು ಕೊಟ್ಟಿತು.

ಚಿಕ್ಕಮ್ಮನ ಹೆಗಲ ಮೇಲಿದ್ದ ಟವೆಲ್ಲಿಗೆ ಕೈ ಒರೆಸುತ್ತ ಚಿಕ್ಕಪ್ಪ ಹೇಳಿದರು: "ನೋಡಿದ್ಯಾ? ಗಂಡೇ ಸಾಕುತ್ತೆ. ಹೆಣ್ಣು ಇರ್ಲೇಬೇಕು ಅಂತೇನಿಲ್ಲ."

ಹೊಸ ಬೂದು ಜೋಡಿ ಬಂತು. ಮರಿ ಹುಟ್ಟಿದ ದಿನ ಚಿಕ್ಕಮ್ಮ ಯಾರೂ ಹೇಳುವ ಮೊದಲೇ ಬಕೆಟ್ ತುಂಬಿಟ್ಟರು.