ಮುರಿಗೆವ್ವ ಗಂಡನ್ನ ಮೈಕಿನ್ಯಾಗ ಕರೆದದ್ದು

ನಮ್ಮ ಧಾರವಾಡದ ಓಣಿಯ ಮುರಿಗೆವ್ವ ಮದುವ್ಯಾಗಿ ಬಂದಾಗಿಂದ ಗಂಡನ ಹೆಸರು ಬಾಯಿಗೆ ತಂದಾಕಿ ಅಲ್ಲ. ಹೆಸರು ತಗೊಂಡ್ರ ಅವರ ಆಯುಷ್ಯ ಕಡಿಮಿ ಆಗತೈತಿ ಅಂತ ಅತ್ತಿ ಹೇಳಿದ್ಲಂತ. ಅತ್ತಿ ಹೇಳಿದ ಬಾಕಿ ಮಾತು ಒಂದೂ ಕೇಳಲಿಲ್ಲ, ಇದೊಂದ ಗಟ್ಟಿ ಹಿಡದ್ಲು. ಗಂಡನ ಹೆಸರು ಗುರುಬಸವ. ನಾ ಹೇಳಬಹುದು, ನನ್ನ ಗಂಡ ಅಲ್ಲಲ್ಲ, ಪುಣ್ಯಾ.

ಅವರ ಮ್ಯಾಲಿನ ಖೋಲಿಗೆ ನೈರೋಬಿ ಹುಡುಗಿ ಕೆರುಬೊ ಬಾಡಿಗಿಗೆ ಬಂದ್ಲು. ಇಲ್ಲಿ ಯುನಿವರ್ಸಿಟಿಯೊಳಗ ತಮ್ಮೂರ ಸ್ವಾಹಿಲಿ ಮಾತಿನ ಮ್ಯಾಲೆ ಡಾಕ್ಟರಕಿ ಮಾಡಾಕತ್ತಾಳ. ಕನ್ನಡಾ ನಮ್ಮ ಕಟ್ಟಿ ಮ್ಯಾಲ ಕುಂತ ಕಲತ್ಲು. ಅಲ್ಲೇ ಒಂದಿನ ತನ್ನ ಅಭ್ಯಾಸದ ಸುದ್ದಿ ಹೇಳಿದ್ಲು. ಪುಸ್ತಕದ ಸ್ವಾಹಿಲಿಯೊಳಗ 'ಯಾಂವ ಬಂದಾನೋ ಅಂವ' ಅನ್ನೂದನ್ನ ಒಂದ ಶಬ್ದದಾಗ ಮಡಚಿ ಇಡತಾರಂತ. ಪ್ಯಾಟಿ ಮಂದಿ ಅದನ್ನ ಬಿಚ್ಚಿ, 'ಯೂಲೆ ಮ್ವೆನ್ಯೆ' ಅಂತ ಶುರು ಮಾಡತಾರಂತ. ಅಂದ್ರ, 'ಆ ಅಂವ, ಯಾಂವ ಅಂದ್ರ...'

ಮುರಿಗೆವ್ವ ಅವರಿಕಾಯಿ ಸುಲಿಯೂದು ಬಿಡಲಿಲ್ಲ. "ಇದಕ್ಯಾಕವ್ವಾ ಡಾಕ್ಟರಕಿ? ನಾ ಇಡೀ ಸಂಸಾರ ಇದರಾಗ ಮಾಡೇನಿ."

ಹ್ವಾದ ದೀಪಾವಳಿಗೆ ಮೂರೂ ಮಂದಿ ಹುಬ್ಬಳ್ಳಿಗೆ ಸೀರಿ, ಧೋತರ, ಅರಬಿ ತರಾಕ ಹೋದ್ರು. ತಿರುಗಿ ಬರೂ ಮುಂದ ಬಸ್ ಸ್ಟ್ಯಾಂಡಿನ್ಯಾಗ ಗುರುಬಸವ ಮಾಯ. ಫೋನು ಹೆಂಡತಿ ಚೀಲದಾಗ. ಸಕ್ಕರಿ ಬ್ಯಾನಿ ಮನಿಷ್ಯಾ, ಹಿಂದಿನ ವಾರ ಬಚ್ಚಲದಾಗ ಚಕ್ಕರ್ ಬಂದು ಬಿದ್ದಿದ್ದ. ಮುಂದಿನದ್ದು ನಾ ಇಬ್ಬರ ಬಾಯಿಂದನೂ ಕೇಳೇನಿ.

ಬಸ್ಸಿನ ಹೆಸರು ಕೂಗೂ ಮೈಕಿನ ಕಿಡಕಿಗೆ ಇಬ್ಬರೂ ಓಡಿದ್ರು. ಮೈಕಿನವ ಕೇಳಿದ, "ಹೆಸರು ಹೇಳ್ರಿ."

"ನಮ್ಮ ಮನಿಯವರು."

"ಎಲ್ಲಾರೂ ಯಾರದರ ಮನಿಯವರ ಇರತಾರ ಬೇ!"

ಕೆರುಬೊಗ ಆತನ್ನ 'ಕಾಕಾ' ಅನ್ನೂದ ಬಿಟ್ರ ಬ್ಯಾರೆ ಹೆಸರು ಗೊತ್ತಿಲ್ಲ. ಹಿಂದ ನಿಂತವ ಒಬ್ಬಾಂವ, "ಲಗೂ ಹೇಳ ಮುದಕಿ, ನಿನ್ನ ಗಂಡನ್ನ ಯಾರ ಒಯ್ಯತಾರ?" ಅಂದ. ಮುರಿಗೆವ್ವ "ಗು" ಅಂದಾಕಿ ಸೆರಗಿಲೆ ಬಾಯಿ ಮುಚಗೊಂಡ್ಲು. ಕಣ್ಣಾಗ ನೀರು.

"ಹೆಸರು ಬ್ಯಾಡ ಅವ್ವಾ," ಅಂದ್ಲು ಕೆರುಬೊ. "ನಮ್ಮೂರ ಹಂಗ ಹೇಳು. ಯೂಲೆ ಮ್ವೆನ್ಯೆ."

ಮುರಿಗೆವ್ವ ಮೈಕು ಕಸಗೊಂಡ್ಲು.

"ಸಕ್ಕರಿ ಬ್ಯಾನಿ ಇದ್ರೂ ಜಿಲೇಬಿ ಕಂಡ್ರ ಹೆಂಡತೀನ್ನ ಮರಿಯೋರು, ತಿಂದ ಕೈ ಧೋತರಕ್ಕ ಒರಸೋರು, ಗೊರಕಿ ಹೊಡದು ಓಣಿ ನಾಯಿ ಎಬ್ಬಸೋರು, ಎಲ್ಲಿದ್ರೂ ಬರ್ರಿ! ಬೈಯೂದಿಲ್ಲ!"

ಇಡೀ ಬಸ್ ಸ್ಟ್ಯಾಂಡು ನಕ್ಕಿತು. ನಾಕೈದು ಮಂದಿ ಮುದುಕರು ಧೋತರಾ ಝಾಡಿಸ್ಕೋತ ಬಂದ್ರು. ಎಲ್ಲಾರ ಹಿಂದ ಗುರುಬಸವ, ಮೀಸಿಗೆ ಪಾಕ ಹತ್ತೇತಿ, ಮಾರಿ ಕೆಂಪಗ.

"ಊರ ಮುಂದ ಮಾನಾ ಕಳದಿಯಲ್ಲ! ಹೆಸರು ಕೂಗಿದ್ರ ಆಗಲೇ ಬರತಿದ್ದೆ."

ಮುರಿಗೆವ್ವ ಸೆರಗಿಲೆ ಆತನ ಮೀಸಿ ಒರಸಿದ್ಲು. "ಬರತಿದ್ರಿ ಖರೇ. ಆಮ್ಯಾಲೆ ಎಷ್ಟ ದಿನಾ ಇರತಿದ್ರಿ?"