ಕತ್ತು ವಾಲಿಸಿ ಕೂರುತ್ತಿದ್ದ ನಾಯಿ

ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ಕೂತು ನಾನು ಸಾಕುಪ್ರಾಣಿಗಳ ಚಿತ್ರ ಬಿಡಿಸುತ್ತೇನೆ. ದಪ್ಪ ಕಾಗದ, ಪೆನ್ಸಿಲ್ಲು, ಅಷ್ಟೇ. ಜನ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾರೆ. ನಾನು ಒಂದೊಂದೇ ಕೂದಲು ನೋಡಿ ತಿದ್ದುತ್ತೇನೆ. ಒಮ್ಮೆ ಸಿಂದಗಿ ಹತ್ತಿರದ ಕನ್ನೊಳ್ಳಿಯ ಹೆಣ್ಣುಮಗಳೊಬ್ಬರು ತಮ್ಮ ತೀರಿಹೋದ ನಾಯಿಯ ಫೋಟೋ ಕಳಿಸಿದರು. ಅವರ ಬಳಿ ಇದ್ದದ್ದು ಅದೊಂದೇ. ಅದರಲ್ಲಿ ನಾಯಿ ಮುಂಗಾಲಿನ ಮೇಲೆ ಮೋರೆಯಿಟ್ಟು ನಿದ್ದೆಹೋಗಿತ್ತು.

"ಮಲಗಿದ್ದು ಬ್ಯಾಡ್ರಿ ಅಕ್ಕಾರ, ಎದ್ದು ಕುಂತಂಗ ತಗೀರಿ," ಎಂದರು ಫೋನಿನಲ್ಲಿ.

ಕಣ್ಣು ಎಂಥವು? ಕಿವಿ ನೆಟ್ಟಗಿದ್ದವೋ, ಜೋತಿದ್ದವೋ? ಅವರು ಹೇಳಿದಷ್ಟೂ ನನ್ನ ಪ್ರಶ್ನೆಗಳು ಹೆಚ್ಚಾದವು. ಕೊನೆಗೆ ತಡೆಯಲಾರದೆ ಸಿಂದಗಿ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ಅವರ ಮನೆಗೇ ಹೋದೆ.

ಅವರ ಗಂಡ ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದರು. "ಸತ್ತ ನಾಯಿ ಸಲುವಾಗಿ ಇಷ್ಟ್ಯಾಕ್ರಿ?" ಎಂದು ತಲೆಯೆತ್ತದೆ ಕೇಳಿದರು.

ಹೆಂಡತಿ ನನಗೆ ಕಿವಿಯ ವಿಷಯ ಹೇಳತೊಡಗಿದರು. ಎರಡೂ ನೆಟ್ಟಗಿದ್ದವು ಎಂದದ್ದೇ ತಡ, ಗಂಡ ಬಾಯಿ ಹಾಕಿದರು.

"ಎಲ್ಲಿ ನೆಟ್ಟಗ? ಎಡಗಿವಿ ಯಾವಾಗ್ಲೂ ಜೋತ ಬಿದ್ದಿರ್ತಿತ್ತು."

"ನನ್ನ ಮುಂದ ಎರಡೂ ಎತ್ತತಿತ್ತು."

"ನಿನ್ನ ಕೈಯಾಗ ರೊಟ್ಟಿ ಇರ್ತಿತ್ತಲ್ಲ, ಅದಕ್ಕ!"

"ಕುಂತಾಗ ಕುತ್ತಿಗಿ ಹೆಂಗ ಇಡತಿತ್ರಿ?" ಎಂದು ನಾನು ಗಂಡನನ್ನೇ ಕೇಳಿದೆ.

ಅವರು ಮೊರ ಬದಿಗಿಟ್ಟು ಅಂಗಳಕ್ಕಿಳಿದರು. ಕುಕ್ಕರಗಾಲಿನಲ್ಲಿ ಕೂತು, ಎರಡೂ ಅಂಗೈ ನೆಲಕ್ಕೂರಿ, ಕತ್ತನ್ನು ಬಲಕ್ಕೆ ವಾಲಿಸಿ ರಸ್ತೆಯತ್ತ ನೋಡಿದರು. "ನನ್ನ ಗಾಡಿ ಸಪ್ಪಳ ಕೇಳಿದ್ರ ಹಿಂಗ ನೋಡ್ರಿ."

"ಹೌದ್ರಿ, ಥೇಟ ಹಂಗ," ಎಂದರು ಹೆಂಡತಿ. ಆ ಮನುಷ್ಯನ ಹೆಗಲು, ಕತ್ತು ನೋಡಿಯೇ ನಾನು ನಾಯಿಯ ಗೆರೆ ಎಳೆದೆ.

ಚಿತ್ರ ಮುಗಿಸಿ, ಗಾಜಿನ ಕಟ್ಟು ಹಾಕಿಸಿ ಕೊಟ್ಟೆ. ಬಿಸಿಲಿಗೆ ಇಡಬೇಡಿ, ಪೆನ್ಸಿಲ್ಲಿಗೆ ಕೈ ತಾಗಬಾರದು ಎಂದೂ ಹೇಳಿದ್ದೆ. ಕೆಲವು ತಿಂಗಳಾದ ಮೇಲೆ ಹೆಂಡತಿಯ ಫೋನು ಬಂತು: ನಾಯಿಯ ಹಣೆ ಮಸಕಾಗಿದೆ. ಗಾಜಿನ ಒಳಗಿದ್ದದ್ದು ಮಸಕಾದದ್ದು ಹೇಗೆ? ಕುತೂಹಲಕ್ಕೆ ಮತ್ತೆ ಹೋದೆ. ಕಟ್ಟನ್ನು ತಿರುಗಿಸಿದರೆ ಹಿಂದಿನ ಮೊಳೆಗಳು ಸಡಿಲಾಗಿದ್ದವು. ಗಂಡನ ಕಡೆ ನೋಡಿದೆ.

"ಗಾಜಿನ ಮ್ಯಾಲೆ ಕೈ ಇಟ್ರ ತಣ್ಣಗ ಹತ್ತತೈತ್ರಿ," ಎಂದರು ಮೆಲ್ಲಗೆ. "ಅದಕ್ಕ ತಗದು ಸವರ್ತಿದ್ದೆ."

ಹೆಂಡತಿಗೂ ಅದು ಆಗಷ್ಟೇ ಗೊತ್ತಾದದ್ದು.

ಹಣೆಯನ್ನು ತಿದ್ದಿ, ಮತ್ತೆ ಗಾಜು ಕೂರಿಸಿದೆ. ಆಮೇಲೆ ಅಂಗೈಯಗಲದ ಕಾಗದದಲ್ಲಿ ಬರೀ ನಾಯಿಯ ಮೋರೆ ಬಿಡಿಸಿ, ಜೋತ ಎಡಗಿವಿಯ ಸಮೇತ, ಗಂಡನ ಕೈಗೆ ಕೊಟ್ಟೆ.

"ಇದಕ್ಕ ಗಾಜು ಬ್ಯಾಡ್ರಿ. ಸವರ್ರಿ. ಅಳಿಸಿದ್ರ ಫೋನ್ ಮಾಡ್ರಿ, ಬರ್ತೇನಿ."

"ಅಳಿಸಲಿಲ್ಲಂದ್ರೂ ಬರ್ರಿ," ಎಂದು ಅವರು ಹೆಂಡತಿಗೆ ಹೇಳದೆ, ಚಹಾ ಇಡಲು ತಾವೇ ಒಳಗೆ ಹೋದರು.